ಪರಿಮಳ ಯಾರ ಪಾಲು?

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಗೆ ನೆರೆಯಾದದ್ದು ಹೂವಿನಹಡಗಲಿ ಸೀಮೆ. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಮಾರುವ ಮಲ್ಲಿಗೆಯನ್ನು ಅರಳುವವರೆಗೆ ಗಿಡದಲ್ಲಿ ಬಿಡುವುದಿಲ್ಲ, ಮೊಗ್ಗಿರುವಾಗಲೇ ಬಿಡಿಸುತ್ತಾರೆ. ಗಿಡದಲ್ಲೇ ಅರಳಿದರೆ ಘಮ ತೋಟದ ಗಾಳಿಗೆ ಹೋಗುತ್ತದೆ, ಮುಡಿಯುವವರಿಗೆ ಬಾಡಿದ ಹೂವು ಸಿಗುತ್ತದೆ.

ಇದೇ ಚಿಂತೆ ಬಿಯರ್ ಮಾಡುವವರಿಗೂ ಇದೆ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದನ್ನು ಬೆಳೆಯುತ್ತಾರೆ. ಒಂದು ಗಂಟೆ ಕುದಿಸಿದರೆ ಹೂವು ಕಹಿ ಬಿಡುತ್ತದೆ, ಆದರೆ ಘಮದ ಎಣ್ಣೆ ಆವಿಯಾಗಿಬಿಡುತ್ತದೆ. ಹಾಗಾಗಿ ಇನ್ನಷ್ಟು ಹೂವನ್ನು ಒಲೆ ಆರಿಸಿದ ಮೇಲೆ ಹಾಕುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗುಳ್ಳೆಗಳ ಜೊತೆ ಘಮವೂ ಹೊರಟುಹೋಗುತ್ತದೆ. ಹುದುಗುವಿಕೆಯ ಅಬ್ಬರ ಇಳಿದ ಮೇಲೆ ಮತ್ತೊಮ್ಮೆ ಹಾಪ್ಸ್ ಹಾಕಿ, ಗಾಳಿಯಾಡದಂತೆ ತಂಪಿನಲ್ಲಿಡುವುದು ಇದಕ್ಕೆ ಉಪಾಯ.

ಕರ್ನಾಟಕದ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಗೆ ಅವಕಾಶ ಕೊಟ್ಟಿತು. ಹಾಗೆ ಮನೆಯಲ್ಲಿ ಮಾಡುವವರಿಗೆ ಹುದುಗುವ ದಿನಗಳಲ್ಲಿ ಕೋಣೆ ಘಮಘಮಿಸಿದರೆ ಖುಷಿಯಾಗುವುದು ಸಹಜ. ಆದರೆ ಕೋಣೆಯಲ್ಲಿರುವ ಪರಿಮಳ ಪಾತ್ರೆಯನ್ನು ಬಿಟ್ಟು ಬಂದ ಪರಿಮಳ. ಮಾಡುವವರ ಮೂಗಿಗೆ ಸಿಕ್ಕಷ್ಟೂ ಕುಡಿಯುವವರ ಲೋಟದಲ್ಲಿ ಕಡಿಮೆ. ನಮ್ಮ ಅಡುಗೆಮನೆಗೂ ಇದು ಗೊತ್ತು. ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟ ಕೂಡಲೇ ತಟ್ಟೆ ಮುಚ್ಚುತ್ತೇವೆ, ಉಣ್ಣುವವರು ಇನ್ನೂ ಬಂದಿಲ್ಲ ಎಂದು.

ಹಾಗಾದರೆ ಪರಿಮಳ ಉಳಿಸುವುದು ಒಂದು ಔದಾರ್ಯ, ತನ್ನ ಸುಖವನ್ನು ತಡೆದು ಇನ್ನೊಬ್ಬರ ಪಾಲನ್ನು ಕಾಯುವ ಗುಣ ಎನ್ನಬಹುದೇ?

ಎನ್ನುವ ಮೊದಲು ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಬೇಕು. ಬಿಯರ್ ಮಾಡುವಾತ ಬಿಟ್ಟುಕೊಟ್ಟ ಘಮ ಕೆಲವು ವಾರಗಳಲ್ಲಿ ಅವನ ಲೋಟಕ್ಕೇ ವಾಪಸು ಬರುತ್ತದೆ. ಕಾಯುವುದು ಅವನದೇ ತೀರ್ಮಾನ, ಫಲದಲ್ಲಿ ಅವನಿಗೂ ಪಾಲುಂಟು. ಕೂಲಿಗೆ ಮೊಗ್ಗು ಬಿಡಿಸುವ ಹೆಂಗಸಿನ ಬುಟ್ಟಿ ಬೇರೆ ಯಾವುದೋ ಊರಿನಲ್ಲಿ, ಬೇರೆ ಯಾರದೋ ಮುಡಿಯಲ್ಲಿ ಅರಳುತ್ತದೆ. ಅರಳುವ ಮುನ್ನ ಬಿಡಿಸಬೇಕೆಂದು ಹೇಳಿದ್ದು ಮಾರುಕಟ್ಟೆ, ಅವಳಲ್ಲ. ಮೊಗ್ಗನ್ನು ಮೊಗ್ಗಾಗಿಯೇ ಕಳಿಸುವ ಅವಳ ಕೆಲಸವನ್ನು ತ್ಯಾಗವೆಂದು ಹೊಗಳುವುದು ನಮಗೆ ಸುಲಭ, ಏಕೆಂದರೆ ತ್ಯಾಗಕ್ಕೆ ಬೆಲೆ ಕಟ್ಟಬೇಕಿಲ್ಲ.

ಸಂಯಮ ಸದ್ಗುಣವಾಗುವುದು ಅನುಭವಿಸುವ ಅವಕಾಶ ಕೈಯಲ್ಲಿದ್ದೂ ತಡೆದುಕೊಂಡಾಗ. ಆ ಅವಕಾಶವೇ ಇಲ್ಲದ ಕಡೆ ಅದು ದುಡಿಮೆ. ಸದ್ಗುಣಕ್ಕೆ ಮೆಚ್ಚುಗೆ ಸಾಕಾದೀತು, ದುಡಿಮೆಗೆ ಕೂಲಿ ಸಲ್ಲಬೇಕು. ಒಂದು ಮಾರು ಮಲ್ಲಿಗೆಗೆ ಚೌಕಾಸಿ ಮಾಡುವಾಗ ನಾವು ಕಡಿಮೆ ಮಾಡುತ್ತಿರುವುದು ಆ ಕೂಲಿಯನ್ನೂ ಹೌದು.