ಮುಂದಿನ ಬಸ್ ಎಷ್ಟೊತ್ತಿಗ್ರೀ?

ನಮ್ಮೂರು ಮುಂಡರಗಿಗೆ ರೈಲಿಲ್ಲ. ರೈಲು ಬೇಕಂದ್ರೆ ಗದಗಕ್ಕೆ ಹೋಗಬೇಕು. ಹುಬ್ಬಳ್ಳಿ ಕಡೆಯಿಂದ, ಕೊಪ್ಪಳ-ಬಳ್ಳಾರಿ ಕಡೆಯಿಂದ, ಬಾಗಲಕೋಟೆ-ವಿಜಯಪುರದ ಕಡೆಯಿಂದ ಬರೋ ಹಳಿಗಳು ಅಲ್ಲಿ ಕೂಡ್ತವೆ. ಹಳಿಗಳೇನೋ ಕೂಡ್ತವೆ, ಆದರೆ ರೈಲು ಮತ್ತು ಬಸ್ಸು ಕೂಡೋದಿಲ್ಲ. ಸ್ಟೇಷನ್ ಒಂದು ಕಡೆ, ಬಸ್ ಸ್ಟ್ಯಾಂಡ್ ಇನ್ನೊಂದು ಕಡೆ, ನಡುವೆ ಆಟೋ. ರೈಲಿನ ವೇಳಾಪಟ್ಟಿ ಬರೆಯೋರು ಒಬ್ಬರು, ಬಸ್ಸಿಂದು ಬರೆಯೋರು ಇನ್ನೊಬ್ಬರು. ಇಬ್ಬರ ನಡುವೆ ಬ್ಯಾಗ್ ಹಿಡಿದು ಓಡೋರು ನಾವು.

ಎರಡು ವರ್ಷದ ಹಿಂದಿನ ಒಂದು ಶುಕ್ರವಾರ ರಾತ್ರಿ. ಹುಬ್ಬಳ್ಳಿಯಲ್ಲಿ ಆಫೀಸಿನ ಕೆಲಸ ಮುಗಿದಿತ್ತು. ಬೆಂಗಳೂರಿಗೆ ವಾಪಸ್ ಹೋಗೋ ಬದಲು ಅವ್ವನ್ನ ನೋಡಿ ಬರೋಣ ಅಂತ ಗದಗಕ್ಕೆ ಬಂದು, ಮುಂಡರಗಿಯ ಕೊನೇ ಬಸ್ ಹತ್ತಿ ಕೂತಿದ್ದೆ. ಹೊರಡೋ ಟೈಮ್ ಆಗಿ ಡ್ರೈವರ್ ಗಾಡಿ ಚಾಲೂ ಮಾಡಿದ್ರು. ಅಷ್ಟರಲ್ಲಿ ಕಂಡಕ್ಟರ್‌ಗೆ ಒಂದು ಫೋನ್ ಬಂತು. ಸ್ಟೇಷನ್ ಹತ್ರ ನಿಲ್ಲೋ ಯಾರೋ ಆಟೋದವರು. ಮಾತು ಮುಗಿಸಿ ಕಂಡಕ್ಟರ್ ನಮ್ಮ ಕಡೆ ತಿರುಗಿ, "ಹುಬ್ಬಳ್ಳಿ ಗಾಡಿ ಲೇಟ್ ಆಗೇತ್ರಿ. ನಮ್ಮ ಕಡೆ ಮಂದಿ ಅದರಾಗ ಅದಾರಂತ. ಒಂದ್ ಹತ್ತ ನಿಮಿಷ ನೋಡೂಣು" ಅಂದ್ರು.

ಹತ್ತು ನಿಮಿಷ ಆಯ್ತು, ಹನ್ನೆರಡಾಯ್ತು. ನಾನು ಎದ್ದು ನಿಂತೆ. "ಟೈಮ್ ಅಂದ್ರ ಟೈಮ್ ಅಲ್ರೀ ಸಾಹೇಬ್ರ? ನಾವು ಟೈಮಿಗೆ ಬಂದು ಕುಂತೇವಿ. ಅವರ ಗಾಡಿ ಲೇಟಾದ್ರ ನಾವ್ಯಾಕ ಕಾಯ್ಬೇಕು?" ಹಿಂದಿನ ಸೀಟುಗಳಿಂದ ಎರಡು ಮೂರು ದನಿ ಸೇರಿದವು. ಕಂಡಕ್ಟರ್ ನನ್ನ ಮುಖ ಒಮ್ಮೆ ನೋಡಿ, ಏನೂ ಅನ್ನದೆ ಸೀಟಿ ಊದಿದರು. ಬಸ್ ಹೊರಟಿತು.

ಮಾರನೇ ದಿನ ಬೆಳಿಗ್ಗೆ ಚಾ ಕೊಡ್ತಾ ಅವ್ವ ಹೇಳಿದಳು. "ಪಾಪ, ಹಿಂದಿನ ಓಣಿ ಅಕ್ಕಾರು ಅತ್ತೀನ ಹುಬ್ಬಳ್ಳಿ ದವಾಖಾನಿಗೆ ತೋರಿಸಿಕೊಂಡು ಬರಾಕತ್ತಿದ್ರಂತ. ಬಸ್ ತಪ್ಪಿ ರಾತ್ರಿಯೆಲ್ಲಾ ಗದಗ ಸ್ಟ್ಯಾಂಡಿನಾಗ ಕುಂತು, ಈಗ ಬಂದಾರ. ನೀನೂ ಕೊನೇ ಬಸ್ಸಿಗೇ ಬಂದಿ, ಅವರನ್ನ ನೋಡಲಿಲ್ಲೇನು?"

"ಇಲ್ಲವ್ವಾ" ಅಂದೆ. ಸುಳ್ಳೇನಲ್ಲ, ನಾನು ನೋಡಿರಲಿಲ್ಲ.

ಅವರಿಗೇನೂ ಆಗಲಿಲ್ಲ. ಆ ಅಜ್ಜಿ ಈಗಲೂ ಕಟ್ಟೆ ಮೇಲೆ ಕೂತು ನನ್ನನ್ನ ಮಾತಾಡಿಸ್ತಾರೆ. ಏನೂ ಆಗಲಿಲ್ಲವಲ್ಲ ಅನ್ನೋದು ನನಗೆ ಸಮಾಧಾನ, ತಪ್ಪಿಸಿಕೊಳ್ಳೋಕೆ ದಾರಿಯೂ ಹೌದು.

ಅವತ್ತಿಂದ ನನ್ನ ಪರ ವಕೀಲಿಯನ್ನ ನಾನೇ ಮಾಡ್ಕೊಂಡು ಬಂದಿದ್ದೀನಿ. ವಾದಗಳು ಅಷ್ಟೇನೂ ಪೊಳ್ಳಲ್ಲ. ಬಸ್ಸಿನ ಒಳಗೆ ಕೂತವರದ್ದೂ ಜೀವವೇ. ಡಂಬಳದಲ್ಲಿ ಇಳಿಯೋ ಒಬ್ಬರಿಗಾಗಿ ಅವರ ತಮ್ಮ ಕತ್ತಲಲ್ಲಿ ಬೈಕ್ ಇಟ್ಟುಕೊಂಡು ನಿಂತಿದ್ದ. ಮುಂದಿನ ಸೀಟಿನಲ್ಲಿ ಎರಡು ಮಕ್ಕಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡ್ತಿದ್ದವು. ಡ್ರೈವರ್ ಬೆಳಿಗ್ಗೆಯಿಂದ ಡ್ಯೂಟಿ ಮೇಲಿದ್ದರು. ಕಂಡಕ್ಟರ್ ಕೊಡೋಕೆ ಹೊರಟಿದ್ದು ಸ್ವಂತದ್ದಲ್ಲ, ನಮ್ಮೆಲ್ಲರ ಹತ್ತು ಹತ್ತು ನಿಮಿಷ. ಊರವರ ದುಡ್ಡಲ್ಲಿ ದಾನ ಮಾಡಿದಂಗೆ ಅಲ್ವಾ? ಮೇಲಾಗಿ ದಿನಾ ಹೀಗೆ ಕಾಯ್ತಾ ಹೋದರೆ ಟೈಮಿಗೆ ಬರೋರು ಯಾಕೆ ಬರಬೇಕು?

ಇಷ್ಟೆಲ್ಲ ಆದಮೇಲೂ ಕೇಸು ಗೆದ್ದ ಹಾಗೆ ಅನ್ನಿಸೋದಿಲ್ಲ. ಯಾಕೆ ಅಂತ ತಿಳಿಯೋಕೆ, "ಟೈಮ್ ಅಂದ್ರ ಟೈಮ್" ಅನ್ನೋ ಪಾಠವನ್ನ ನಾನು ಎಲ್ಲಿ ಕಲಿತೆ ಅಂತ ನೋಡಬೇಕಾಯ್ತು.

ಕಲಿತದ್ದು ಬೆಂಗಳೂರಲ್ಲಿ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೆಟ್ರೋ ಶುರುವಾಯ್ತು. ಓಡಿ ಬರ್ತಿರೋ ಮನುಷ್ಯನ ಮುಖದ ಮೇಲೇ ಬಾಗಿಲು ಮುಚ್ಚಿಕೊಳ್ಳೋದನ್ನ ನಾವು ಅಲ್ಲಿ ದಿನಾ ನೋಡ್ತೀವಿ. ಒಳಗಿದ್ದ ಯಾರಿಗೂ ಪಾಪಪ್ರಜ್ಞೆ ಕಾಡೋದಿಲ್ಲ. ಕ್ಯಾಬಿನವರು ನಮಗಾಗಿ ಕಾಯ್ತಾರೆ, ಆದರೆ ನಾಲ್ಕೈದು ನಿಮಿಷ ದಾಟಿದರೆ ವೇಟಿಂಗ್ ಚಾರ್ಜ್ ಬೀಳುತ್ತೆ. ಲೇಟ್ ಮಾಡಿದವರೇ ದುಡ್ಡು ಕೊಡ್ತಾರೆ, ಲೆಕ್ಕ ಚುಕ್ತಾ. ಯಾರೂ ಯಾರ ದಯೆಯಲ್ಲೂ ಇಲ್ಲ. ಇದನ್ನೇ ನಾವು ಶಿಸ್ತು ಅಂದೆವು, ಪ್ರೊಫೆಷನಲ್ ಆಗಿರೋದು ಅಂದೆವು. ಅದೇ ಶಿಸ್ತನ್ನ ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ಗದಗದ ಬಸ್ ಸ್ಟ್ಯಾಂಡಿಗೂ ತಂದಿದ್ದೆ.

ಆದರೆ ಮೆಟ್ರೋದ ಬಾಗಿಲು ನಿಷ್ಕರುಣೆಯಿಂದ ಮುಚ್ಚಬಹುದು, ಯಾಕಂದ್ರೆ ಹಿಂದೆಯೇ ಇನ್ನೊಂದು ಬರ್ತಾ ಇರುತ್ತೆ. ತಪ್ಪಿಸಿಕೊಂಡವರಿಗೆ ಆಗೋ ನಷ್ಟ ಕೆಲವೇ ನಿಮಿಷ. ಗದಗದ ಕೊನೇ ಬಸ್ಸಿನ ಹಿಂದೆ ಇರೋದು ಬೆಳಗಿನ ಬಸ್. ಎರಡೂ ಕಡೆ ಗಡಿಯಾರ ಒಂದೇ, ಎರಡೂ ಕಡೆ ನಾವು ಮಾಡೋದು ಟೈಮಿಗೆ ಸರಿಯಾಗಿ ಹೊರಡೋದನ್ನೇ. ಆದರೆ ಒಂದು ಕಡೆ ಅದು ಬರೀ ಹೊರಡೋದು, ಇನ್ನೊಂದು ಕಡೆ ಯಾರನ್ನೋ ರಾತ್ರಿಯಿಡೀ ಬಿಟ್ಟು ಹೋಗೋದು. ಹೊರಡೋದು ಸರಿಯೋ ತಪ್ಪೋ ಅಂತ ತೀರ್ಮಾನಿಸೋಕೆ ಈಗ ಎಷ್ಟು ಗಂಟೆ ಅಂತ ಕೇಳಿದರೆ ಸಾಲದು, ಮುಂದಿನ ಬಸ್ ಎಷ್ಟೊತ್ತಿಗೆ ಅಂತಲೂ ಕೇಳಬೇಕು.

ಇದೆಲ್ಲ ಪ್ರಯಾಣಿಕರ ತಲೆನೋವಾ, ವ್ಯವಸ್ಥೆ ಮಾಡೋರು ಯೋಚಿಸಬೇಕಾದ್ದು ಅಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ವಿಟ್ಜರ್ಲೆಂಡಿನಲ್ಲಿ 1982ರಿಂದ ದೇಶಕ್ಕೆಲ್ಲ ಹೊಂದುವಂಥ ರೈಲು ವೇಳಾಪಟ್ಟಿ ಇದೆ. 1987ರಲ್ಲಿ ಅದನ್ನ ಇನ್ನಷ್ಟು ವಿಸ್ತರಿಸೋ ಯೋಜನೆಗೆ ಜನ ಮತ ಹಾಕಿ ಒಪ್ಪಿಗೆ ಕೊಟ್ಟರು. ಗಂಟೆ ಹೊಡೆಯೋಕೆ ಸ್ವಲ್ಪ ಮುಂಚೆ ನಾನಾ ಕಡೆಯ ರೈಲುಗಳು ಜಂಕ್ಷನ್ನಿಗೆ ಬಂದು ಸೇರ್ತವೆ, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಹೊರಡ್ತವೆ. ಹಳ್ಳಿಗಳಿಗೆ ಹೋಗೋ ಹಳದಿ ಬಸ್ಸುಗಳು ಸ್ಟೇಷನ್ ಬಾಗಿಲಲ್ಲೇ ನಿಂತಿರ್ತವೆ. ರೈಲಿಗೂ ಬಸ್ಸಿಗೂ ಗಂಟು ಹಾಕೋ ಕೆಲಸ ಅಲ್ಲಿ ವೇಳಾಪಟ್ಟಿಯದ್ದು. ನಮ್ಮಲ್ಲಿ ಅದು ಕಂಡಕ್ಟರ್‌ರ ಮೊಬೈಲಿನದ್ದು. ಕಾದರೆ ಒಳಗಿನವರ ಬೈಗುಳ, ಕಾಯದಿದ್ದರೆ ಹೊರಗಿನವರ ಶಾಪ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ನಮ್ಮ ಓಣಿಯ ಆ ಅತ್ತೆ-ಸೊಸೆಗೆ ಬಸ್ ಟಿಕೆಟ್ ಫ್ರೀ ಆಗಿದೆ. ಆ ರಾತ್ರಿ ಅವರು ತೆತ್ತದ್ದು ದುಡ್ಡಲ್ಲ, ನಿದ್ದೆ.

ಆದರೂ ವ್ಯವಸ್ಥೆಯ ಮಾತು ಹೇಳಿ ನಾನು ಪಾರಾಗೋಕಾಗಲ್ಲ. ವೇಳಾಪಟ್ಟಿ ಮುಂದೆ ಯಾವತ್ತೋ ಸರಿಯಾಗಬಹುದು. ಆ ರಾತ್ರಿ, ಆ ಹನ್ನೆರಡನೇ ನಿಮಿಷದಲ್ಲಿ, ಇದ್ದ ವ್ಯವಸ್ಥೆ ಅಂದ್ರೆ ಒಬ್ಬ ಕಂಡಕ್ಟರ್, ಒಬ್ಬ ಡ್ರೈವರ್, ಮತ್ತು ಬಸ್ಸಲ್ಲಿ ಕೂತ ನಾವು.

ಹಾಗಂತ ಬೆಳಗಾಗೋವರೆಗೂ ಕಾಯಬೇಕಿತ್ತು ಅಂತ ನಾನು ಹೇಳ್ತಿಲ್ಲ. ಕಾಯೋಕೂ ಒಂದು ಮಿತಿ ಬೇಕು, ಅದು ಒಳಗಿದ್ದವರಿಗೆ ಮೊದಲೇ ಗೊತ್ತಿರಬೇಕು. ಬಹುಶಃ ಹನ್ನೆರಡು ನಿಮಿಷಕ್ಕೆ ಹೊರಟದ್ದೇ ಸರಿ ಇದ್ದಿರಬಹುದು. ನನ್ನನ್ನ ಚುಚ್ಚೋದು ಬಸ್ ಹೊರಟಿದ್ದಲ್ಲ. ಬರ್ತಿರೋರು ಯಾರು, ಎಷ್ಟು ಮಂದಿ, ಗಾಡಿ ಎಲ್ಲಿಗೆ ಬಂದಿದೆ ಅಂತ ನಾನು ಒಂದು ಮಾತು ಕೇಳಲಿಲ್ಲ. "ಇನ್ನೊಂದು ಫೋನ್ ಮಾಡಿ ನೋಡ್ರಿ" ಅಂದಿದ್ದರೆ ಅರ್ಧ ನಿಮಿಷದ ಕೆಲಸ. ಕೇಳಿ, ತಿಳಿದು, ಆಮೇಲೂ ಹೊರಡ್ರಿ ಅಂದಿದ್ದರೆ ಅದು ನನ್ನ ತೀರ್ಮಾನ ಆಗಿರ್ತಿತ್ತು. ಕೇಳದೇ ಇದ್ದದ್ದಕ್ಕೆ ನಾನು ಇಟ್ಟ ಹೆಸರು ಶಿಸ್ತು.

ಹೋದ ತಿಂಗಳು ಮತ್ತೆ ಅದೇ ಕೊನೇ ಬಸ್. ಕಂಡಕ್ಟರ್ ಬೇರೆಯವರು, ಫೋನ್ ಮಾತ್ರ ಅದೇ ಥರದ್ದು. "ಗಾಡಿ ಬಂದೈತಂತ್ರಿ, ಆಟೋ ಹತ್ತಾಕತ್ತಾರಂತ. ನಿಂದರಸ್ಲೇನ್ರಿ?" ಅಂತ ಎಲ್ಲರನ್ನೂ ಕೇಳಿದರು. ಒಬ್ಬ ಹಿರಿಯರು, "ಡಂಬಳದಾಗ ನಮ್ಮ ಹುಡುಗ ನಿಂತಿರ್ತಾನ್ರಿ, ನನ್ನ ಫೋನ್ ಬ್ಯಾರೆ ಬಂದ್ ಬಿದ್ದೈತಿ" ಅಂದ್ರು. ನನ್ನ ಫೋನ್ ಕೊಟ್ಟೆ. ಮಗನಿಗೆ ಹೇಳಿ, "ಆತ್ ತಗೋರಿ, ಅವನೂ ಮನಿಯಾಗ ಅದಾನು, ತಡಾಮಾಡಿ ಬರ್ತಾನ" ಅಂತ ನಿರಾಳವಾಗಿ ಕೂತರು.

ಎಂಟು ನಿಮಿಷಕ್ಕೆ ಆಟೋ ಬಂತು. ಇಳಿದಿದ್ದು ಒಬ್ಬನೇ, ಇಪ್ಪತ್ತರ ಆಸುಪಾಸಿನ ಹುಡುಗ. ಕಿವಿಯಲ್ಲಿ ಇಯರ್‌ಫೋನ್. ನಿಧಾನಕ್ಕೆ ಹತ್ತಿ, ಕಿಟಕಿ ಪಕ್ಕ ಜಾಗ ಹಿಡಿದು ಕಣ್ಣು ಮುಚ್ಚಿದ. ಬಸ್ಸು ತನಗಾಗಿ ನಿಂತಿತ್ತು ಅಂತ ಅವನಿಗೆ ಗೊತ್ತೇ ಆಗಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ, ಕಾಲೇಜಿನ ದಿನಗಳಲ್ಲಿ ನಾನು ಓಡಿ ಬಂದು ಹತ್ತಿದ ಬಸ್ಸುಗಳನ್ನ ಲೆಕ್ಕ ಹಾಕ್ತಾ ಕೂತೆ. ಅವುಗಳಲ್ಲಿ ಎಷ್ಟು ಬಸ್ಸು ನನಗಾಗಿ ನಿಂತಿದ್ದವೋ, ನನಗೂ ಗೊತ್ತಿಲ್ಲ.