ಸಿಹಿಗೂ ಒಂದು ಹೊತ್ತಿದೆ

ಸ್ಪೇನಿನ ಸೆವಿಲ್ ನಗರದ ಬೀದಿಗಳಲ್ಲಿ ಸಾಲುಸಾಲು ಕಿತ್ತಳೆ ಮರಗಳಿವೆ. ಚಳಿಗಾಲದಲ್ಲಿ ಮರದ ತುಂಬ ಹಣ್ಣು ತೂಗಿದರೂ ಕಿತ್ತು ತಿನ್ನುವವರಿಲ್ಲ. ಅದು ಕಹಿ ಕಿತ್ತಳೆ. ಏಷ್ಯಾದಲ್ಲಿ ಹುಟ್ಟಿ, ಅರಬರ ಜೊತೆ ಸ್ಪೇನಿಗೆ ಹೋದ ತಳಿ. ತೊಳೆ ಬಾಯಿಗಿಟ್ಟರೆ ಹಲ್ಲು ಚಳಿಯುವ ಹುಳಿ, ಸಿಪ್ಪೆಯಂತೂ ಕಡುಕಹಿ. ಆದರೆ ಜನವರಿ ಬಂತೆಂದರೆ ಬ್ರಿಟನ್ನಿನ ಎಷ್ಟೋ ಮನೆಗಳು ಈ ಹಣ್ಣಿಗೇ ಕಾದಿರುತ್ತವೆ. ಕೆಲವೇ ವಾರ ಸಿಗುವ ಇದರಿಂದ ವರ್ಷಕ್ಕಾಗುವಷ್ಟು ಮಾರ್ಮಲೇಡ್, ಅಂದರೆ ಸಿಪ್ಪೆಸಮೇತದ ಕಿತ್ತಳೆ ಜಾಮ್, ಮಾಡಿ ಬಾಟಲಿಗಳಲ್ಲಿ ತುಂಬಿಡುತ್ತಾರೆ.

ಸಿಹಿ ಕಿತ್ತಳೆ ವರ್ಷವಿಡೀ ಸಿಗುವಾಗ ಈ ಕಹಿಯೇ ಏಕೆ? ಒಂದು ಕಿಲೋ ಹಣ್ಣಿಗೆ ಸುಮಾರು ಎರಡು ಕಿಲೋ ಸಕ್ಕರೆ ಬೀಳುತ್ತದೆ. ಅಷ್ಟು ಸಕ್ಕರೆಯೊಳಗೆ ಸಿಹಿ ಹಣ್ಣಿನ ರುಚಿ ಮುಳುಗಿಹೋಗುತ್ತದೆ. ಕಹಿ ಹಣ್ಣು ಮುಳುಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ರಸವನ್ನು ಗಟ್ಟಿಯಾಗಿಸುವ ಪೆಕ್ಟಿನ್ ಇರುವುದು ಹೆಚ್ಚಾಗಿ ನಾವು ಉಗಿದು ಬಿಸಾಡುವ ಬೀಜದಲ್ಲಿ, ಸಿಪ್ಪೆಯೊಳಗಿನ ಬಿಳಿ ತಿರುಳಿನಲ್ಲಿ. ಅವನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಗೆ ಇಳಿಬಿಡುತ್ತಾರೆ. ಕಸವೆಂದು ಎಸೆಯುವುದೇ ಇಲ್ಲಿ ಎಲ್ಲವನ್ನೂ ಹಿಡಿದಿಡುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಈ ಅಡುಗೆಯ ಕ್ರಮ. ಸಣ್ಣಗೆ ಹೆಚ್ಚಿದ ಸಿಪ್ಪೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಬೇಯಿಸಬೇಕು. ಎರಡು ಬೆರಳ ನಡುವೆ ಹಿಚುಕಿದರೆ ಸಿಪ್ಪೆ ನುಣ್ಣಗಾಗಬೇಕು. ಅಲ್ಲಿಯವರೆಗೆ ಒಂದು ಚಮಚ ಸಕ್ಕರೆಯೂ ಬೀಳಕೂಡದು. ಮೊದಲೇ ಸುರಿದರೆ ಸಕ್ಕರೆ ಸಿಪ್ಪೆಯೊಳಗಿನ ನೀರನ್ನು ಹೀರಿ ಅದನ್ನು ಬಿರುಸಾಗಿಸುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅದು ಮೆತ್ತಗಾಗುವುದಿಲ್ಲ. ಸಿಹಿಯೊಳಗೇ ನಾರಾಗಿ ಉಳಿಯುತ್ತದೆ. ಹದವಾಗಿ ಬೆಂದ ಮೇಲೆ ಸಕ್ಕರೆ ಹಾಕಿದರೆ ಮಾತ್ರ ಸಿಹಿ ಒಳಗಿಳಿಯುತ್ತದೆ. ಮತ್ತೆ ಜೋರಾಗಿ ಕುದಿಸಿದರೆ ಸುಮಾರು 105 ಡಿಗ್ರಿಯ ಹೊತ್ತಿಗೆ ಪಾಕ ಸಿದ್ಧ. ನಮ್ಮ ಕಿತ್ತಳೆ ಸಿಪ್ಪೆ ಗೊಜ್ಜಿನದೂ ಇದೇ ನಡೆ: ಸಿಪ್ಪೆ ಎಣ್ಣೆಯಲ್ಲಿ ಬಾಡಿ ಮೆತ್ತಗಾಗಬೇಕು, ಬೆಲ್ಲದ ಸರದಿ ಆಮೇಲಿನದು.

ಮನುಷ್ಯರ ದುಃಖದ ವಿಷಯದಲ್ಲಿ ನಾವು ಈ ಕ್ರಮವನ್ನು ಎಷ್ಟು ಸುಲಭವಾಗಿ ಮರೆಯುತ್ತೇವೆ! ಸಾವಿನ ಮನೆಗೆ ಹೋದವರು ಹೊಸಿಲು ದಾಟುತ್ತಲೇ ‘ಎಲ್ಲ ಒಳ್ಳೆಯದಕ್ಕೇ ಆಯಿತು ಅಂದುಕೊಳ್ಳಿ’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಸೋತು ಬಂದ ಮಗುವಿಗೆ ಅದು ಅಳುವ ಮೊದಲೇ ‘ಇದೇನು ದೊಡ್ಡ ವಿಷಯ’ ಎನ್ನುತ್ತೇವೆ. ಮಾತು ಸಿಹಿಯೇ, ಹೇಳಿದವರ ಮನಸ್ಸೂ ಒಳ್ಳೆಯದೇ. ಆದರೂ ಕೇಳಿದವರು ಆ ಕ್ಷಣದಲ್ಲಿ ಒಳಗೊಳಗೇ ಸೆಟೆದುಕೊಳ್ಳುತ್ತಾರೆ. ಮೇಲೆ ತಲೆಯಾಡಿಸುತ್ತಾರೆ, ನೋವು ಮಾತ್ರ ಅಲ್ಲೇ ಗಟ್ಟಿಯಾಗುತ್ತದೆ. ವರ್ಷಗಳಾಚೆ ಯಾವುದೋ ಸಣ್ಣ ಮಾತಿಗೆ ಸಿಡಿದೇಳುವುದು ಹಾಗೆ ಬೇಯದೆ ಉಳಿದ ನೋವೇ.

ಹಿಂದಿನವರಿಗೆ ಈ ಹೊತ್ತುಗಳ ಅರಿವಿತ್ತು. ನಮ್ಮ ಹಲವು ಮನೆತನಗಳಲ್ಲಿ ಸೂತಕ ಕಳೆಯುವವರೆಗೆ ಸಿಹಿ ಮಾಡುವುದಿಲ್ಲ. ವೈಕುಂಠ ಸಮಾರಾಧನೆಯ ದಿನ ಎಲೆಗೆ ಸಿಹಿ ಬೀಳುತ್ತದೆ. ಅಷ್ಟು ದಿನ ಬಂದುಹೋಗುವವರಿರುತ್ತಾರೆ, ಅಳು ಇರುತ್ತದೆ, ಅದೇ ಕತೆ ಮತ್ತೆ ಮತ್ತೆ ಹೇಳುವುದಿರುತ್ತದೆ. ಹೊರಗಿನಿಂದ ನೋಡಿದರೆ ಬರೀ ಕಟ್ಟುಪಾಡು. ಒಳಗೆ ಮನಸ್ಸು ಬೇಯಲು ಬಿಟ್ಟ ಕಾಲ ಅದು.

ಕಾಯುವುದೆಂದರೆ ಸುಮ್ಮನೆ ದೂರ ನಿಲ್ಲುವುದಲ್ಲ. ಒಲೆಯ ಮುಂದೆ ಇರಬೇಕು, ತಳ ಹಿಡಿಯದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೂ ಮಾರ್ಮಲೇಡಿನಲ್ಲಿ ಕಹಿ ಇದ್ದೇ ಇರುತ್ತದೆ. ಕಹಿ ಹೋಗಬೇಕೆಂದು ಯಾರೂ ಅದನ್ನು ಮಾಡುವುದಿಲ್ಲ. ಹೊತ್ತಿಗೆ ಬಂದ ಸಾಂತ್ವನವೂ ನೋವನ್ನು ಅಳಿಸುವುದಿಲ್ಲ, ಅದರೊಡನೆ ಬದುಕುವ ಹದವನ್ನು ಕೊಡುತ್ತದೆ.

ನಮ್ಮವರು ನೋವಿನಲ್ಲಿರುವಾಗ ಏನು ಹೇಳಲಿ ಎಂದು ತಡಕಾಡುತ್ತೇವೆ. ಮೊದಲ ದಿನಗಳಲ್ಲಿ ಹೇಳಬೇಕಾದ್ದು ಬಹುಶಃ ಏನೂ ಇಲ್ಲ. ಒಂದು ಹೊತ್ತಿನ ಊಟ ಮಾಡಿ ಒಯ್ಯಬಹುದು. ಹೇಳಿದ್ದನ್ನೇ ಹೇಳಿದರೂ ಕೂತು ಕೇಳಬಹುದು. ಒಂದು ದಿನ ಅವರಾಗಿಯೇ ಹೋದವರ ಒಂದು ನಗೆಯ ಪ್ರಸಂಗ ತೆಗೆಯುತ್ತಾರೆ. ಆಗ ನಮ್ಮಲ್ಲಿರುವ ಸಿಹಿಯನ್ನೆಲ್ಲ ಧಾರಾಳವಾಗಿ ಕೊಡಬಹುದು.