ಮೊದಲ ಲೋಟ ಯಾರದು?

ಫ್ರಾನ್ಸಿನ ಬೋರ್ಡೋ ಸೀಮೆಯ ಗಟ್ಟಿ ಕೆಂಪು ವೈನನ್ನು ಎಳೆಯದಿರುವಾಗಲೇ ಕುಡಿದರೆ ಹಸಿ ಅಡಿಕೆ ಜಗಿದಂತೆ ಬಾಯಿ ಒಗರಾಗುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜ, ಓಕ್ ಪೀಪಾಯಿಗಳಿಂದ ಇಳಿದ ಟ್ಯಾನಿನ್ ಅದು. 13 ಡಿಗ್ರಿಯ ಆಸುಪಾಸಿನ ಕತ್ತಲಲ್ಲಿ ಬಾಟಲಿ ಮಲಗಿಸಿ 15–20 ವರ್ಷ ಕಾದರೆ, ಮೇಲ್ದರ್ಜೆಯ ವೈನಿನಲ್ಲಿ ಆ ಒಗರು ಮಣಿಯುತ್ತದೆ. ಹಾಗಾಗಿ ಇಡುವವನೇ ಕುಡಿಯುವವನಾಗಬೇಕಿಲ್ಲ. ಹುಟ್ಟದ ಮೊಮ್ಮಗಳಿಗೂ ಇಡಬಹುದು.

ಮಡಿಕೇರಿಯ ಅಂಗಡಿಗಳ ನೆಲ್ಲಿಕಾಯಿ, ಶುಂಠಿ, ಸೂಜಿಮೆಣಸಿನ ಮನೆವೈನ್ ಅಷ್ಟು ಕಾಯಲೆಂದು ಮಾಡಿದ್ದಲ್ಲ. (ಅದು ವೈನೇ ಅಲ್ಲ ಎನ್ನುವವರ ಜೊತೆ ನನಗೆ ಜಗಳ ಬೇಡ.) ಆದರೆ ಕೊಡಗಿನಲ್ಲೂ ಮೊದಲ ಲೋಟ ಕುಡಿಯುವವನದಲ್ಲ. ಕೊಡವರ ಕಾರಣಂಗ್ ಕೊಡ್‌ಪದಲ್ಲಿ ಮದ್ಯವನ್ನೂ ಮಾಂಸದಡಿಗೆಯನ್ನೂ ಮೊದಲು ಬಡಿಸುವುದು ತೀರಿಹೋದ ಹಿರಿಯರಿಗೆ. ಬದುಕಿರುವವರ ಸರದಿ ಆಮೇಲೆ.

ಅಲ್ಲಿ ಇನ್ನೂ ಬಾರದವರಿಗೆ, ಇಲ್ಲಿ ಹೊರಟುಹೋದವರಿಗೆ. ಎರಡೂ ಒಂದೇ ಔದಾರ್ಯವೇ? ನನಗೆ ಹಾಗನ್ನಿಸುವುದಿಲ್ಲ. ನೆಲಮಾಳಿಗೆಯ ಬಾಟಲಿಗೆ ಬೆಲೆ ಏರುತ್ತದೆ. ಮೊಮ್ಮಗಳ ಹೆಸರಲ್ಲಿ ಇಟ್ಟದ್ದು ಹರಾಜಿಗೂ ಹೋದೀತು. ಹಿರಿಯರೆದುರು ಇಟ್ಟ ಲೋಟಕ್ಕೆ ಮಾರುಕಟ್ಟೆಯಿಲ್ಲ. ಆದರೆ ಹಿರಿಯರಿಗೆ ಕೊಡುವುದರಲ್ಲಿ ಒಂದು ಸಲೀಸೂ ಇದೆ: ಅವರು ರುಚಿ ನೋಡಿ ದೂರುವುದಿಲ್ಲ. ಮೊಮ್ಮಗಳಾದರೋ 17 ಡಿಗ್ರಿಗೆ ತಂದು, ಗಷ್ಟು ಬಿಟ್ಟು ಹೂಜಿಗೆ ಬಗ್ಗಿಸಿ, ಮೂಸಿ, ‘ಅಜ್ಜ ಇದನ್ನು ಯಾಕಿಟ್ಟರೋ’ ಎಂದು ಬಚ್ಚಲಿಗೆ ಸುರಿದಾಳು.